ಯುನೈಟೆಡ್ ಮೆಥಡಿಸ್ಟ್ ಚರ್ಚ್‌ನಲ್ಲಿ ಎಲ್‌ಜಿಬಿಟಿ ಸದಸ್ಯರು ಮತ್ತು ಸಭಾಸೇವೆ

ಯುನೈಟೆಡ್ ಮೆಥಡಿಸ್ಟ್ ಚರ್ಚ್ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1968ರಲ್ಲಿ ರೂಪುಗೊಂಡ ಒಂದು ಪ್ರಾಟೆಸ್ಟೆಂಟ್ ಕ್ರೈಸ್ತ ಪಂಗಡ. ಆಫ್ರಿಕಾ, ಯುರೋಪ್ ಮತ್ತು ಫಿಲಿಪ್ಪೀನ್ಸ್‌ಗಳಲ್ಲಿಯೂ ಇದರ ಸಭೆಗಳಿವೆ. ಸಲಿಂಗಿಗಳು ಹಾಗೂ ಇತರ ಎಲ್‌ಜಿಬಿಟಿ ವ್ಯಕ್ತಿಗಳಿಗೆ ಸಭೆಯಲ್ಲಿರುವ ಸ್ಥಾನದ ಕುರಿತು ಈ ಪಂಗಡದಲ್ಲಿ 1972ರಿಂದ 2024ರವರೆಗೆ ಸತತವಾಗಿ ಚರ್ಚೆ ನಡೆಯಿತು. ವಿವಾದದ ಕೇಂದ್ರದಲ್ಲಿದ್ದದ್ದು ಆರಾಧನೆಗೆ ಬರುವ ಹಕ್ಕಿಗಿಂತ ಹೆಚ್ಚಾಗಿ ಸೇವೆಯ ಪ್ರಶ್ನೆ. ಬೋಧಿಸುವ, ಸಂತೈಸುವ, ಸಭೆಯನ್ನು ನಡೆಸುವ ಆತ್ಮಿಕ ವರಗಳು ಇವರಲ್ಲಿ ಕಂಡುಬಂದರೆ ಸಭೆಯು ಅವನ್ನು ಗುರುತಿಸಿ ಗುರುದೀಕ್ಷೆ ನೀಡಬಹುದೇ ಎಂಬುದೇ ಆ ಪ್ರಶ್ನೆಯಾಗಿತ್ತು.

ದೈವಶಾಸ್ತ್ರೀಯ ಹಿನ್ನೆಲೆ

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೇ ಅಧ್ಯಾಯವು ಆತ್ಮಿಕ ವರಗಳ ಕುರಿತ ಕ್ರೈಸ್ತ ಚಿಂತನೆಗೆ ಮುಖ್ಯ ಆಧಾರವಾಗಿದೆ. ವರಗಳು ಹಲವಾದರೂ ಅವನ್ನು ಕೊಡುವ ಆತ್ಮ ಒಂದೇ ಎಂದೂ ದೇಹದ ಯಾವ ಅಂಗವೂ ಮತ್ತೊಂದು ಅಂಗವನ್ನು ಬೇಡವೆನ್ನಲಾಗದು ಎಂದೂ ಅಲ್ಲಿ ವಿವರಿಸಲಾಗಿದೆ. ಸ್ವಾಗತದ ಪರವಾಗಿ ವಾದಿಸುವವರು ಇದರೊಂದಿಗೆ ಅಪೊಸ್ತಲರ ಕೃತ್ಯಗಳು ಗ್ರಂಥದ 10ನೇ ಅಧ್ಯಾಯವನ್ನೂ ಉಲ್ಲೇಖಿಸುತ್ತಾರೆ. ಅನ್ಯಜನನಾದ ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮವು ಇಳಿದುದನ್ನು ಕಂಡ ನಂತರವೇ ಪೇತ್ರನು ಅವರಿಗೆ ದೀಕ್ಷಾಸ್ನಾನ ಕೊಡಿಸಿದನು. ವರವು ಮೊದಲು ಬಂದು ಸಭೆಯ ಒಪ್ಪಿಗೆ ಅನಂತರ ದೊರೆಯಿತು ಎಂಬುದು ಅವರ ವಾದ.

ವಿರೋಧಿಸುವವರು ಯಾಜಕಕಾಂಡ ಮತ್ತು ರೋಮಾಪುರದವರಿಗೆ ಬರೆದ ಪತ್ರಿಕೆಯ ವಾಕ್ಯಗಳನ್ನು ಮುಂದಿಡುತ್ತಾರೆ. ವರಗಳಿದ್ದ ಮಾತ್ರಕ್ಕೆ ಅರ್ಹತೆ ಸಿದ್ಧಿಸುವುದಿಲ್ಲ, ಸಭಾನಾಯಕರ ಜೀವನವು ಧರ್ಮಗ್ರಂಥದ ಬೋಧನೆಗೆ ಅನುಗುಣವಾಗಿರಬೇಕು ಮತ್ತು ವಿವಾಹವು ಸ್ತ್ರೀಪುರುಷರ ನಡುವಿನದು ಎಂಬುದು ಅವರ ನಿಲುವು.

ಮೆಥಡಿಸ್ಟ್ ಪರಂಪರೆಯಲ್ಲಿ ಇಂತಹ ಚರ್ಚೆ ಹೊಸದಲ್ಲ. ಸ್ಥಾಪಕ ಜಾನ್ ವೆಸ್ಲಿ 1771ರಲ್ಲಿ ಮೇರಿ ಬೊಸಾಂಕೆ ಎಂಬ ಮಹಿಳೆಗೆ ಬರೆದ ಪತ್ರದಲ್ಲಿ, ಆಕೆಗೆ ಅಸಾಧಾರಣ ಕರೆ ಇರುವುದನ್ನು ಒಪ್ಪಿ ಪ್ರಸಂಗಸೇವೆಯನ್ನು ಸಮರ್ಥಿಸಿದ್ದರು. ಆದರೂ ಅಮೆರಿಕದ ಮೆಥಡಿಸ್ಟ್ ಚರ್ಚ್‌ನಲ್ಲಿ ಮಹಿಳೆಯರಿಗೆ ಪೂರ್ಣ ಪಾದ್ರಿಹಕ್ಕು ದೊರೆತದ್ದು 1956ರಲ್ಲಿ.

ನಿರ್ಬಂಧಗಳು

1972ರಲ್ಲಿ ಅಟ್ಲಾಂಟಾದಲ್ಲಿ ಸೇರಿದ ಮಹಾಸಭೆಯು ಸಲಿಂಗಿಗಳೂ ಪವಿತ್ರ ಮೌಲ್ಯವುಳ್ಳ ವ್ಯಕ್ತಿಗಳೆಂದು ಘೋಷಿಸಿತು. ಅದೇ ಸಂದರ್ಭದಲ್ಲಿ ಸಲಿಂಗ ಸಂಬಂಧವು ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ಮಾತನ್ನೂ ಸಾಮಾಜಿಕ ತತ್ತ್ವಗಳಲ್ಲಿ ಸೇರಿಸಿತು. 1984ರಲ್ಲಿ, ತಮ್ಮ ಸಲಿಂಗ ಸಂಬಂಧವನ್ನು ಬಹಿರಂಗವಾಗಿ ಒಪ್ಪಿಕೊಂಡವರಿಗೆ ಗುರುದೀಕ್ಷೆ ನೀಡುವುದನ್ನೂ ಅವರನ್ನು ಸಭಾಪಾಲಕರಾಗಿ ನೇಮಿಸುವುದನ್ನೂ ನಿಷೇಧಿಸಲಾಯಿತು. 2005ರಲ್ಲಿ ಪಂಗಡದ ನ್ಯಾಯಮಂಡಳಿಯು, ಸಲಿಂಗಿಯೊಬ್ಬರಿಗೆ ಸದಸ್ಯತ್ವ ನಿರಾಕರಿಸಿದ್ದ ವರ್ಜೀನಿಯಾದ ಪಾದ್ರಿಯೊಬ್ಬರ ಪರವಾಗಿ ತೀರ್ಪು ನೀಡಿತು. ಇದರಿಂದ ಸದಸ್ಯತ್ವವೂ ವಿವಾದಕ್ಕೆ ಒಳಗಾಯಿತು.

ಸ್ವಾಗತಿಸುವ ಸಭೆಗಳು

ಗುರುದೀಕ್ಷೆಯ ನಿಷೇಧ ಜಾರಿಗೆ ಬಂದ 1984ರಲ್ಲಿಯೇ ರೆಕನ್ಸೈಲಿಂಗ್ ಕಾಂಗ್ರಿಗೇಷನ್ ಪ್ರೋಗ್ರಾಂ ಆರಂಭವಾಯಿತು. ಎಲ್‌ಜಿಬಿಟಿ ವ್ಯಕ್ತಿಗಳು ಸಭೆಯ ಸಂಪೂರ್ಣ ಜೀವನದಲ್ಲಿ ಪಾಲುಗೊಳ್ಳಬಹುದೆಂದು ಸ್ಥಳೀಯ ಸಭೆಗಳು ಬಹಿರಂಗವಾಗಿ ಘೋಷಿಸುವುದು ಇದರ ಕ್ರಮ. ಮುಂದೆ ಇದು ರೆಕನ್ಸೈಲಿಂಗ್ ಮಿನಿಸ್ಟ್ರೀಸ್ ನೆಟ್‌ವರ್ಕ್ ಎಂಬ ಹೆಸರು ಪಡೆಯಿತು. ಇಂತಹ ಸಭೆಗಳು ಗಾಯನ, ಭಾನುವಾರದ ಶಾಲೆ, ರೋಗಿಗಳ ಭೇಟಿ, ಆಡಳಿತ ಸಮಿತಿ ಮುಂತಾದ ಕೆಲಸಗಳನ್ನು ಇವರಿಗೆ ವಹಿಸಬಹುದಿತ್ತು. ಆದರೆ ಗುರುದೀಕ್ಷೆ ನೀಡುವ ಅಧಿಕಾರ ಸ್ಥಳೀಯ ಸಭೆಗೆ ಇರಲಿಲ್ಲ.

ಬೆತ್ ಸ್ಟ್ರೌಡ್ ಪ್ರಕರಣ

ಫಿಲಡೆಲ್ಫಿಯಾದ ಜರ್ಮನ್‌ಟೌನ್ ಸಭೆಯ ಸಹಪಾಲಕಿ ಬೆತ್ ಸ್ಟ್ರೌಡ್ 2003ರಲ್ಲಿ ತಾವು ಮಹಿಳೆಯೊಬ್ಬರೊಂದಿಗೆ ಬಾಳುತ್ತಿರುವುದನ್ನು ಸಭೆಗೆ ತಿಳಿಸಿದರು. 2004ರ ಡಿಸೆಂಬರ್‌ನಲ್ಲಿ ನಡೆದ ಚರ್ಚ್ ವಿಚಾರಣೆಯಲ್ಲಿ ಅವರ ಪಾದ್ರಿಪದವಿಯನ್ನು ತೆಗೆದುಹಾಕಲಾಯಿತು. 2005ರಲ್ಲಿ ಮೇಲ್ಮನವಿ ಸಮಿತಿ ಆ ತೀರ್ಪನ್ನು ರದ್ದುಪಡಿಸಿತಾದರೂ ನ್ಯಾಯಮಂಡಳಿಯು ಅದನ್ನೇ ಮತ್ತೆ ಸ್ಥಿರಪಡಿಸಿತು. ಸಭೆಯು ಅವರನ್ನು ಕೈಬಿಡದೆ ಸಾಮಾನ್ಯ ಸದಸ್ಯೆಯ ನೆಲೆಯಲ್ಲಿ ಸೇವೆಯಲ್ಲಿ ಉಳಿಸಿಕೊಂಡಿತು. ಆದರೆ ದೀಕ್ಷಾಸ್ನಾನ ಕೊಡುವ ಮತ್ತು ಕರ್ತನ ಭೋಜನವನ್ನು ನಡೆಸಿಕೊಡುವ ಅಧಿಕಾರ ಅವರಿಗೆ ಉಳಿಯಲಿಲ್ಲ. ಸಭೆಯು ವ್ಯಕ್ತಿಯ ವರವನ್ನು ಒಪ್ಪಿದರೂ ಪಂಗಡದ ನಿಯಮವು ಅದಕ್ಕೆ ಪದವಿಯನ್ನು ನಿರಾಕರಿಸಿದ್ದನ್ನು ಈ ಪ್ರಕರಣ ತೋರಿಸುತ್ತದೆ.

ವಿಭಜನೆ ಮತ್ತು 2024ರ ನಿರ್ಣಯಗಳು

2016ರಲ್ಲಿ ಪಂಗಡದ ಪಶ್ಚಿಮ ಪ್ರಾಂತ್ಯವು ಕ್ಯಾರೆನ್ ಒಲಿವೆಟೊ ಅವರನ್ನು ಬಿಷಪ್ ಆಗಿ ಆರಿಸಿತು. ಬಹಿರಂಗವಾಗಿ ಸಲಿಂಗಿಯಾಗಿದ್ದವರೊಬ್ಬರು ಈ ಪಂಗಡದಲ್ಲಿ ಬಿಷಪ್ ಆದದ್ದು ಅದೇ ಮೊದಲು. 2019ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ವಿಶೇಷ ಮಹಾಸಭೆಯು 438ಕ್ಕೆ 384 ಮತಗಳಿಂದ ನಿಷೇಧಗಳನ್ನು ಇನ್ನಷ್ಟು ಬಿಗಿಗೊಳಿಸಿತು. ಆಸ್ತಿಯೊಂದಿಗೆ ಪಂಗಡವನ್ನು ತೊರೆಯಲು ಸಭೆಗಳಿಗೆ ಆಗ ಅವಕಾಶ ಕಲ್ಪಿಸಲಾಯಿತು. 2023ರ ಅಂತ್ಯದೊಳಗೆ ಅಮೆರಿಕದ 7,600ಕ್ಕೂ ಹೆಚ್ಚು ಸಭೆಗಳು ಹೊರನಡೆದವು. ಇವುಗಳಲ್ಲಿ ಬಹುಪಾಲು ಸಂಪ್ರದಾಯನಿಷ್ಠ ಸಭೆಗಳಾಗಿದ್ದು, ಹಲವು ಸಭೆಗಳು 2022ರಲ್ಲಿ ಆರಂಭವಾದ ಗ್ಲೋಬಲ್ ಮೆಥಡಿಸ್ಟ್ ಚರ್ಚ್ ಅನ್ನು ಸೇರಿದವು.

2024ರಲ್ಲಿ ಷಾರ್ಲಟ್ ನಗರದಲ್ಲಿ ಸೇರಿದ ಮಹಾಸಭೆಯು ಮೇ 1ರಂದು 692ಕ್ಕೆ 51 ಮತಗಳಿಂದ ಗುರುದೀಕ್ಷೆಯ ಮೇಲಿನ ನಿಷೇಧವನ್ನು ತೆಗೆದುಹಾಕಿತು. ಮರುದಿನ 523ಕ್ಕೆ 161 ಮತಗಳಿಂದ 1972ರ ಮಾತನ್ನೂ ಕೈಬಿಡಲಾಯಿತು. ಅದೇ ತಿಂಗಳಲ್ಲಿ ಬೆತ್ ಸ್ಟ್ರೌಡ್ ಅವರಿಗೆ ಪಾದ್ರಿಪದವಿ ಮರಳಿ ದೊರೆಯಿತು. ಇದೇ ಅವಧಿಯಲ್ಲಿ ಐವರಿ ಕೋಸ್ಟ್‌ನ ಮೆಥಡಿಸ್ಟರು ಪಂಗಡದಿಂದ ಹೊರಹೋಗಲು ನಿರ್ಧರಿಸಿದರು. ಸಲಿಂಗ ವಿವಾಹವನ್ನು ನಡೆಸಿಕೊಡುವಂತೆ ಯಾವ ಪಾದ್ರಿಯನ್ನೂ ಒತ್ತಾಯಿಸುವಂತಿಲ್ಲ ಎಂಬ ನಿಯಮವನ್ನು ಉಳಿಸಿಕೊಳ್ಳಲಾಗಿದೆ.

ಭಾರತದ ಮೆಥಡಿಸ್ಟ್ ಸಭೆಗಳು

ಬೆಂಗಳೂರು, ಕೋಲಾರ, ಬೀದರ್ ಮುಂತಾದ ಕಡೆ ಸಭೆಗಳನ್ನು ಹೊಂದಿರುವ ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಅಮೆರಿಕದ ಮೆಥಡಿಸ್ಟ್ ಮಿಷನ್‌ನಿಂದ ಬೆಳೆದು ಬಂದುದಾದರೂ, 1981ರಿಂದ ಸ್ವಾಯತ್ತ ಸಂಸ್ಥೆಯಾಗಿದೆ. ಆದ್ದರಿಂದ ಮೇಲೆ ಹೇಳಿದ ನಿಷೇಧಗಳಾಗಲಿ, 2024ರ ಬದಲಾವಣೆಗಳಾಗಲಿ ಅದಕ್ಕೆ ಅನ್ವಯಿಸುವುದಿಲ್ಲ.