ಹೆಬ್ಬಾಳದ ಅವರೆ: ಊರು ಬೆಳೆದಾಗ ಹೊಲ ಎಲ್ಲಿಗೆ ಹೋಗುತ್ತೆ?

ಬೆಂಗಳೂರು ಅಂದ್ರೆ ಬೆಂದ ಕಾಳಿನ ಊರು, ದಾರಿ ತಪ್ಪಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು ಅನ್ನೋ ಕಥೆ ನೀವೂ ಕೇಳಿರ್ತೀರಿ. ಆದರೆ ಬಲ್ಲಾಳನಿಗಿಂತ ಸುಮಾರು 300 ವರ್ಷ ಮೊದಲೇ, 9ನೇ ಶತಮಾನದ ಬೇಗೂರು ಶಾಸನದಲ್ಲಿ ‘ಬೆಂಗಳೂರು’ ಅಂತ ಇದೆ. ಹಾಗಾಗಿ ಕಥೆ ಪಕ್ಕಕ್ಕಿಡಿ. ಆ ಊರಿಗೂ ಕಾಳಿಗೂ ಇರುವ ನಿಜವಾದ ನಂಟು ಹೆಬ್ಬಾಳದಲ್ಲಿದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಹೊರಗೆ ಬರಬೇಕಾಯ್ತು. ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದು ಆ ಹೊತ್ತಿನಲ್ಲೇ. ಮರುವರ್ಷ, 1899ರಲ್ಲಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ಊರಾಚೆಯ ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕೆ ಅಂತ 30 ಎಕರೆ ಕೊಟ್ಟರು. ಅಂದರೆ ಊರು ಹಿಗ್ಗೋಕೆ ಶುರುವಾದಾಗಲೇ ಈ ಹೊಲವೂ ಶುರುವಾಯ್ತು.

1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದರು. ನಮ್ಮ ಜಿಲ್ಲೆಯ ಅಡಿಕೆ ಮನೆಯವರಿಗೆ ಇವರ ಕೆಲಸ ಗೊತ್ತು, ಹೆಸರು ಗೊತ್ತಿರಲಿಕ್ಕಿಲ್ಲ: ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯೋದನ್ನ ರೂಢಿಗೆ ತಂದವರು ಅವರೇ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ. 30 ಎಕರೆಯ ಬೇರು ಮುಂದೆ ಸಾವಿರ ಎಕರೆಗೂ ಮೀರಿದ ಜಿಕೆವಿಕೆವರೆಗೆ ಹಬ್ಬಿತು.

ಈಗ ಕಾಳಿನ ವಿಷಯ. ನಾಟಿ ಅವರೆ ಹಗಲು ಚಿಕ್ಕದಾಗೋವರೆಗೆ ಹೂ ಬಿಡಲ್ಲ. ಅದಕ್ಕೇ ಸೊಗಡಿನ ಅವರೆಕಾಯಿ ಚಳಿಗಾಲಕ್ಕೆ ಮಾತ್ರ. ರೈತನಿಗೆ ವರ್ಷಕ್ಕೆ ಒಂದೇ ಅವಕಾಶ. ಹಗಲಿನ ಉದ್ದ ನೋಡದೆ ಯಾವ ಕಾಲದಲ್ಲೂ ಕಾಯಿ ಬಿಡುವ ತಳಿಗಳನ್ನ ವಿಶ್ವವಿದ್ಯಾಲಯದವರು ತಂದರು. ಹೆಸರು ಎಚ್‌ಎ 3, ಎಚ್‌ಎ 4. ಎಚ್‌ಎ ಅಂದ್ರೆ ಹೆಬ್ಬಾಳ ಅವರೆ! ಇವತ್ತು ಹೆಬ್ಬಾಳ ಅಂದ್ರೆ ಜನಕ್ಕೆ ನೆನಪಾಗೋದು ಫ್ಲೈಓವರ್, ಟ್ರಾಫಿಕ್, ಏರ್‌ಪೋರ್ಟ್ ರಸ್ತೆ. ಆದರೆ ದೂರದ ಯಾವುದೋ ಹೊಲದಲ್ಲಿ ರೈತ ಬಿತ್ತೋ ಬೀಜದಲ್ಲಿ ಆ ಹೊಲದ ಹೆಸರು ಉಳ್ಕೊಂಡಿದೆ.

ಎಲ್ಲಾ ಹೊಲಕ್ಕೂ ಈ ಅದೃಷ್ಟ ಇರಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇರ್ವೈನ್ ರ‍್ಯಾಂಚ್ ಅಂತ ಒಂದು ಕುಟುಂಬದ ಭಾರೀ ಜಮೀನಿತ್ತು. ಅಲ್ಲಿನ ದೊಡ್ಡ ಬೆಳೆ ಲೈಮಾ ಬೀನ್ಸ್, ನಮ್ಮ ಸಂತೆಯಲ್ಲಿ ಡಬಲ್ ಬೀನ್ಸ್ ಅಂತಾರಲ್ಲ, ಅದೇ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಆ ಬೀನ್ಸ್ ಹೊಲದ ಮೇಲೆ ಎಲ್ ಟೋರೊ ಸೇನಾ ವಿಮಾನ ನೆಲೆ ಕಟ್ಟೋಕೆ ಶುರು ಮಾಡಿದರು. 1965ರಲ್ಲಿ ಅದೇ ರ‍್ಯಾಂಚಿನ ನೆಲದಲ್ಲಿ ವಿಶ್ವವಿದ್ಯಾಲಯ ತೆರೆಯಿತು, 1971ರಲ್ಲಿ ಇರ್ವೈನ್ ನಗರವಾಯ್ತು. ಹೆಸರು ಉಳಿದದ್ದು ಮಾಲೀಕರದ್ದು, ಕಾಳಿನದ್ದಲ್ಲ.

ಇದನ್ನ ಮಾಜಾಳಿಯಲ್ಲಿ ಕೂತು ಯಾಕೆ ಬರೀತಿದ್ದೀನಿ ಅಂದ್ರೆ, ಹೊಲದ ಮೇಲೆ ಸೇನಾ ನೆಲೆ ಬರೋದು ಕಾರವಾರ-ಅಂಕೋಲಾದವರಿಗೆ ಬಿಡಿಸಿ ಹೇಳಬೇಕಿಲ್ಲ. 1986ರಲ್ಲಿ ಸೀಬರ್ಡ್‌ಗೆ ಶಂಕುಸ್ಥಾಪನೆ ಆಯ್ತು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯ್ತು. ನಡುವೆ ಎಷ್ಟೋ ಮನೆ, ಗದ್ದೆ, ತೋಟ ಹೋದವು. ಪರಿಹಾರದ ಜಗಳ ದಶಕಗಟ್ಟಲೆ ನಡೀತು, ನಡೀಲೇಬೇಕಿತ್ತು. ಆದರೆ ಲೆಕ್ಕ ಇಟ್ಟಿದ್ದು ಗುಂಟೆಗೆ ಎಷ್ಟು ಅಂತ. ಬಿಕಾಂ ಓದೋನಾಗಿ ಹೇಳ್ತೀನಿ: ಲೆಡ್ಜರಿನಲ್ಲಿ ಜಮೀನಿಗೆ ಕಾಲಂ ಇದೆ, ಕಟ್ಟಡಕ್ಕಿದೆ, ಮರಕ್ಕೂ ಇರಬಹುದು. ಬೀಜಕ್ಕಿಲ್ಲ.

ನಮ್ಮ ಕಡೆ ಭತ್ತ ಕೊಯ್ದ ಗದ್ದೆಯ ಪಸೆಯಲ್ಲೇ ಅಲಸಂದೆ, ಹೆಸರು, ಉದ್ದು ಬಿತ್ತುತ್ತಾರೆ. ಹೆದ್ದಾರಿ ಅಗಲ ಆದಷ್ಟೂ ಅದರ ಪಕ್ಕದ ಗದ್ದೆಗೆ ಸೈಟಿನ ರೇಟು ಬರುತ್ತೆ. ಮಾರಬೇಡಿ ಅನ್ನೋ ಅಧಿಕಾರ ನನಗಿಲ್ಲ, ಮನೆ ಕಷ್ಟ ಅವರವರಿಗೇ ಗೊತ್ತು. ಆದರೆ ಗದ್ದೆ ಹೋದರೂ ಬೀಜ ಉಳಿಸಬಹುದು ಅನ್ನೋದಕ್ಕೆ ಹೆಬ್ಬಾಳ ಸಾಕ್ಷಿ. ಅಲ್ಲಿ ಮಹಾರಾಣಿ ಇದ್ದರು, ಸರ್ಕಾರ ಇತ್ತು. ಇಲ್ಲಿ ಇರೋದು ಅಜ್ಜಿಯ ಡಬ್ಬಿ.

ನಿಮ್ಮ ಮನೇಲಿ ಬೂದಿ ಸವರಿ ಎತ್ತಿಟ್ಟ ಕಾಳು ಇದೆಯಾ? ಯಾವ ಗದ್ದೆಯದ್ದು ಅಂತ ಕೇಳಿ ಬರ್ಕೊಳ್ಳಿ. ಈ ಮಳೆಗಾಲ ಮುಗಿದ ಮೇಲೆ ಒಂದು ಮುಷ್ಟಿ ಬಿತ್ತಿ.

#ಹೆಬ್ಬಾಳಅವರೆ #ಮಾಜಾಳಿ #ಊರಇತಿಹಾಸ