ಕಾರಿನ ಫ್ಯಾನ್ ಬೆಲ್ಟ್ ಸವೆದಿದೆಯಾ? ಮನೆಯಲ್ಲೇ ಬದಲಿಸೋದು ಹೇಗೆ, ಗ್ಯಾರೇಜಿಗೇ ಹೋಗಬೇಕಾದ್ದು ಯಾವಾಗ?

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕಿರ್ರ್ ಅನ್ನೋ ಸದ್ದು. ಎರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತೆ. ಚಳಿಗೆ ಹಂಗಾಗುತ್ತೆ ಅಂತ ಸುಮ್ಮನಾಗುವವರೇ ಹೆಚ್ಚು. ಆದರೆ ಹೆಚ್ಚಿನ ಸಲ ಅದು ಸವೆದ ಅಥವಾ ಸಡಿಲಾದ ಬೆಲ್ಟ್ ಕೊಡುವ ಮುನ್ಸೂಚನೆ. ಕಡಿಮೆ ಬೆಲೆಯ ಈ ರಬ್ಬರ್ ಪಟ್ಟಿ ದಾರಿ ಮಧ್ಯೆ ತುಂಡಾದರೆ, ಎಂಜಿನ್ ಬಿಚ್ಚಿಸುವಷ್ಟು ದೊಡ್ಡ ಖರ್ಚು ಎದುರಾಗಬಹುದು.

ಈ ಬೆಲ್ಟ್ ಮಾಡುವ ಕೆಲಸ ಏನು?

ಎಂಜಿನ್ ತಿರುಗುವ ಬಲವನ್ನು ಬೇರೆ ಭಾಗಗಳಿಗೆ ಮುಟ್ಟಿಸೋದು ಇದರ ಕೆಲಸ. 1983ರಿಂದ 2014ರವರೆಗೆ ತಯಾರಾದ, ಇವತ್ತಿಗೂ ಹಳ್ಳಿ ಕಡೆ ಓಡಾಡುತ್ತಿರುವ ಮಾರುತಿ 800 ಕಾರನ್ನೇ ನೋಡಿ. ಅದರಲ್ಲಿ ಒಂದೇ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ಎಂಜಿನ್ ತಂಪಾಗಿಸುವ ವಾಟರ್ ಪಂಪ್ ಎರಡನ್ನೂ ತಿರುಗಿಸುತ್ತೆ. ರೇಡಿಯೇಟರ್ ಫ್ಯಾನ್ ಕರೆಂಟಿನದ್ದಾದರೂ ಜನ ಇದನ್ನು ಫ್ಯಾನ್ ಬೆಲ್ಟ್ ಅಂತಲೇ ಕರೆಯೋದು.

ಬೆಲ್ಟ್ ಹರಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತುತ್ತೆ. ಬ್ಯಾಟರಿಯಲ್ಲಿ ಚಾರ್ಜ್ ಇರುವವರೆಗೆ ಗಾಡಿ ಓಡುತ್ತಲೇ ಇರುತ್ತೆ. ಅಪಾಯ ಇರೋದು ಅಲ್ಲೇ. ವಾಟರ್ ಪಂಪ್ ನಿಂತಿರುವುದರಿಂದ ಸ್ವಲ್ಪ ದೂರದಲ್ಲೇ ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ ಹೋಗಬಹುದು. ಆ ದೀಪ ಹತ್ತಿ ಟೆಂಪರೇಚರ್ ಮುಳ್ಳೂ ಏರುತ್ತಿದ್ದರೆ, ಊರು ಹತ್ತಿರವೇ ಇದೆ ಅಂತ ಓಡಿಸಬೇಡಿ. ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಲೇಬಾರದು.

ಸವೆದಿದ್ದು ಗೊತ್ತಾಗೋದು ಹೇಗೆ?

- ಒಳಮೈಯಲ್ಲಿ ಬಿರುಕು, ಅಂಚಿನಲ್ಲಿ ನೂಲು ಎದ್ದಿರುವುದು
- ಗಾಜಿನಂತೆ ನುಣುಪಾಗಿ ಹೊಳೆಯುವುದು
- ಎಣ್ಣೆ ಅಥವಾ ಕೂಲೆಂಟ್ ತಾಗಿ ಮೆತ್ತಗಾಗಿರುವುದು
- ಹೆಡ್‌ಲೈಟ್, ಎಸಿ ಹಾಕಿದಾಗ ಸದ್ದು ಜಾಸ್ತಿಯಾಗುವುದು

ಈಗಿನ ಗೀರು ಗೀರಿನ ಚಪ್ಪಟೆ ಬೆಲ್ಟ್‌ಗಳಲ್ಲಿ ಬಿರುಕು ಬೇಗ ಕಾಣಿಸಲ್ಲ, ಗೀರುಗಳೇ ಸವೆಯುತ್ತವೆ. ಸದ್ದು ನಿಲ್ಲಲಿ ಅಂತ ಸೋಪು, ಎಣ್ಣೆ ಸವರುವುದು ಪರಿಹಾರ ಅಲ್ಲ. ಎಣ್ಣೆಯಂತೂ ರಬ್ಬರನ್ನೇ ಕೆಡಿಸುತ್ತೆ.

ಬದಲಿಸುವ ವಿಧಾನ

ಆಲ್ಟರ್ನೇಟರ್ ಸರಿಸಿ ಬೆಲ್ಟ್ ಬಿಗಿ ಮಾಡುವಂಥ ಹಳೇ ಮಾದರಿಯ ಕಾರುಗಳಿಗೆ ಈ ಕ್ರಮ:

1. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಕೀ ತೆಗೆದು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಇಲ್ಲದಿದ್ದರೆ ಸ್ಪಾನರ್ ತಾಗಿ ಶಾರ್ಟ್ ಆಗಬಹುದು.

2. ಬೆಲ್ಟ್ ಯಾವ ಪುಲ್ಲಿ ಮೇಲೆ ಹೇಗೆ ಹೋಗಿದೆ ಅಂತ ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎಸಿಗೆ ಬೇರೆ ಬೆಲ್ಟ್ ಇದ್ದು, ಅದು ಹೊರಬದಿಯಲ್ಲಿದ್ದರೆ ಮೊದಲು ಅದನ್ನು ತೆಗೆಯಬೇಕು.

3. ಆಲ್ಟರ್ನೇಟರ್‌ನ ಬುಡದ ಬೋಲ್ಟ್ ಮತ್ತು ಉದ್ದ ತೂತಿನ ಪಟ್ಟಿಯಲ್ಲಿರುವ ಬೋಲ್ಟ್ ಎರಡನ್ನೂ ಸಡಿಲ ಮಾಡಿ. ಪೂರ್ತಿ ಬಿಚ್ಚುವುದು ಬೇಡ. ಆಲ್ಟರ್ನೇಟರನ್ನು ಎಂಜಿನ್ ಕಡೆ ಒತ್ತಿದರೆ ಬೆಲ್ಟ್ ಸಡಿಲಾಗಿ ಕಳಚುತ್ತೆ. ಬುಡದ ಬೋಲ್ಟ್ ಮೇಲಿಂದ ಸಿಗದಿದ್ದರೆ, ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ನುಗ್ಗಬೇಡಿ. ಆ ಕೆಲಸ ಮೆಕ್ಯಾನಿಕ್‌ಗೆ ಬಿಡಿ.

4. ಪಂಪ್ ಮತ್ತು ಆಲ್ಟರ್ನೇಟರ್ ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ. ಗರಗರ ಸದ್ದು, ಅಲುಗಾಟ, ಸೋರಿಕೆ ಇದ್ದರೆ ಹೊಸ ಬೆಲ್ಟ್ ಕೂಡ ಬಾಳಿಕೆ ಬರಲ್ಲ. ಮೊದಲು ಅದನ್ನು ಸರಿಮಾಡಿಸಿ.

5. ಹಳೇ ಬೆಲ್ಟ್ ಮೇಲಿನ ನಂಬರ್ ನೋಡಿಯೇ ಹೊಸದು ತನ್ನಿ. ನಂಬರ್ ಅಳಿಸಿದ್ದರೆ ಮಾಡೆಲ್ ಮತ್ತು ವರ್ಷ ಹೇಳಿ. ಅಗಲ, ಉದ್ದ ಎರಡೂ ಹೊಂದಬೇಕು. ಹಳೇದು ಹಿಗ್ಗಿರುವುದರಿಂದ ಹೊಸದು ಸ್ವಲ್ಪ ಗಿಡ್ಡ ಕಾಣಬಹುದು.

6. ಹೊಸ ಬೆಲ್ಟನ್ನು ಕೈಯಲ್ಲೇ ಕೂರಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಒಳಗಿನ ದಾರ ತುಂಡಾಗುತ್ತೆ. ಪ್ರತಿ ಪುಲ್ಲಿಯ ಗಾಡಿಯಲ್ಲಿ ಸರಿಯಾಗಿ ಕೂತಿದೆಯೇ ನೋಡಿ.

7. ಮರದ ತುಂಡಿನಿಂದ ಆಲ್ಟರ್ನೇಟರನ್ನು ಹೊರಕ್ಕೆ ಮೀಟಿ ಹಿಡಿದು, ಪಟ್ಟಿಯ ಬೋಲ್ಟ್ ಬಿಗಿ ಮಾಡಿ, ಆಮೇಲೆ ಬುಡದ್ದು. ಎರಡು ಪುಲ್ಲಿ ನಡುವಿನ ಉದ್ದ ಭಾಗವನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ಸುಮಾರು 1 ಸೆಂ.ಮೀ. ಒಳಗೆ ತಗ್ಗಬೇಕು. ನಿಖರ ಅಳತೆ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದ್ದರೆ ಅದನ್ನೇ ಪಾಲಿಸಿ. ಸಡಿಲಾದರೆ ಜಾರುತ್ತೆ, ಅತಿ ಬಿಗಿಯಾದರೆ ಬೇರಿಂಗ್ ಹೋಗುತ್ತೆ.

8. ಸ್ಪಾನರ್, ಬಟ್ಟೆ ಒಳಗೆ ಉಳಿದಿಲ್ಲ ಅಂತ ನೋಡಿ, ಬ್ಯಾಟರಿ ವೈರ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ಪಂಚೆ, ಶಾಲು, ಸೆರಗು, ಜಡೆ ದೂರ ಇರಲಿ. ಕೆಂಪು ದೀಪ ಆರಿ, ಸದ್ದಿಲ್ಲದೆ ತಿರುಗಿದರೆ ಕೆಲಸ ಮುಗಿದಂತೆ. ಒಂದೆರಡು ದಿನ ಓಡಿಸಿದ ಮೇಲೆ ಎಂಜಿನ್ ಆಫ್ ಮಾಡಿ ಬಿಗಿ ಮತ್ತೊಮ್ಮೆ ನೋಡಿ. ಹೊಸ ಬೆಲ್ಟ್ ಸ್ವಲ್ಪ ಹಿಗ್ಗೋದು ಸಹಜ.

ಇವಕ್ಕೆ ಕೈ ಹಾಕಬೇಡಿ

ಟೈಮಿಂಗ್ ಬೆಲ್ಟ್ ಬೇರೆಯೇ. ಅದು ಮುಚ್ಚಳದ ಒಳಗಿರುತ್ತೆ. ಅದನ್ನು ಕೂರಿಸುವಾಗ ಒಂದು ಹಲ್ಲು ತಪ್ಪಿದರೂ ಎಂಜಿನ್ ಲೆಕ್ಕ ತಪ್ಪುತ್ತೆ. ಹಲವು ಎಂಜಿನ್‌ಗಳಲ್ಲಿ ಅದು ಹರಿದರೆ ವಾಲ್ವ್‌ಗಳೇ ಬಾಗುತ್ತವೆ. ಅದು ಮನೆ ಕೆಲಸ ಅಲ್ಲ.

ಬೆಲ್ಟ್ ಮೂಲಕವೇ ಎಂಜಿನ್ ಸ್ಟಾರ್ಟ್ ಮಾಡುವ ಮೈಲ್ಡ್ ಹೈಬ್ರಿಡ್ ಕಾರುಗಳು, ಸರಿಸಲು ಜಾಗವೇ ಇಲ್ಲದೆ ಎಳೆದು ಕೂರಿಸುವ ಬೆಲ್ಟ್ ಇರುವ ಕಾರುಗಳಿಗೂ ಗ್ಯಾರೇಜೇ ಸರಿ. ತಾನಾಗಿ ಬಿಗಿಯಾಗುವ ಸ್ಪ್ರಿಂಗ್ ಟೆನ್ಷನರ್ ಇದ್ದರೆ ಮೇಲಿನ ಕ್ರಮ ಅನ್ವಯಿಸಲ್ಲ.

ಸಂತೆಗೆ ಸಾಮಾನು ಒಯ್ಯುವವರು, ರಾತ್ರಿ ಅಂಗಡಿ ಮುಚ್ಚಿ ಹಳ್ಳಿಗೆ ಮರಳುವವರು ಡಿಕ್ಕಿಯಲ್ಲಿ ಒಂದು ಹೊಸ ಬೆಲ್ಟ್, ಅದಕ್ಕೆ ಹೊಂದುವ ಎರಡು ಸ್ಪಾನರ್ ಮತ್ತು ಟಾರ್ಚ್ ಇಟ್ಟುಕೊಳ್ಳುವುದು ಒಳ್ಳೇದು. ಅಂಗಡಿ ಮುಚ್ಚಿದ ಹೊತ್ತಲ್ಲಿ ಬೆಲ್ಟ್ ಹರಿದರೆ, ದುಡ್ಡು ಕೊಡ್ತೀನಿ ಅಂದರೂ ಅದು ಸಿಗೋದಿಲ್ಲ.