ಒಂದು ಪಾಲು ಪೆಟ್ರೋಲು, ಹದಿನಾಲ್ಕೂಮುಕ್ಕಾಲು ಪಾಲು ಗಾಳಿ

ಪಂಪ್ ಸ್ಟೌ ಹಚ್ಚಿ ಅಡುಗೆ ಮಾಡಿದ ಹೆಂಗಸರಿಗೆ ಕಾರ್ಬ್ಯುರೇಟರ್ ಎಂದರೇನೆಂದು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಉರಿ ಹಳದಿಯಾಗಿ ಎದ್ದು ಪಾತ್ರೆಯ ತಳ ಮಸಿಯಾಯಿತೆಂದರೆ ಸೀಮೆಎಣ್ಣೆಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲವೆಂದು ಅರ್ಥ. ನೀಲಿಯಾಗಿ, ಒಂದೇ ಸಮನೆ ಸುಯ್ಯೆಂದು ಉರಿದರೆ ಎಲ್ಲವೂ ಸರಿ. ಗ್ಯಾಸ್ ಒಲೆ ಬಂದ ಮೇಲೂ ಈ ನಿಯಮವೇನೂ ಬದಲಾಗಲಿಲ್ಲ. ಮೋಟಾರ್ ಸೈಕಲ್ಲಿನ ಎಂಜಿನ್ನೂ ಒಂದು ಒಲೆಯೇ. ಅದರಲ್ಲಿ ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ ಹತ್ತು ಸಾವಿರ ಲೀಟರ್ ಗಾಳಿ! ಈ ಹದವನ್ನು ನೋಡಿಕೊಳ್ಳುವವರು ಯಾರು ಎನ್ನುವ ಪ್ರಶ್ನೆಯ ಸುತ್ತಲೇ ನಮ್ಮ ಮನೆಯ ಮೂವತ್ತು ನಲವತ್ತು ವರ್ಷಗಳು ಕಳೆದುವು.

ನಾನು ಮದುವೆಯಾಗಿ ಸುದ್ದಗುಂಟೆಪಾಳ್ಯಕ್ಕೆ ಬಂದದ್ದು 1984ರಲ್ಲಿ. ಒಂದು ಕಡೆ ಕ್ರೈಸ್ಟ್ ಕಾಲೇಜು, ಇನ್ನೊಂದು ಕಡೆ ತಾವರೆಕೆರೆ, ಅತ್ತ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ. ಜರ್ಮನಿಯ ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಗೆ ಜನ ಇಟ್ಟ ಮುದ್ದಿನ ಹೆಸರು ಮೈಕೋ. ಬಿ.ಟಿ.ಎಂ. ಬಡಾವಣೆಯ ಪಕ್ಕದ ಮೈಕೋ ಲೇಔಟಿನಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ನಮ್ಮ ಮಾವನವರು ಅಲ್ಲಿ ಕೆಲಸಕ್ಕಿದ್ದರು. ಅಲ್ಲಿ ತಯಾರಾಗುತ್ತಿದ್ದುದು ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಇಂಜೆಕ್ಷನ್ ಪಂಪು. ಹೀಗಾಗಿ ನಮ್ಮ ಮನೆಯಲ್ಲಿ ಇಂಜೆಕ್ಷನ್ ಎಂದರೆ ಡಾಕ್ಟರ ಸೂಜಿಯಲ್ಲ, ಲಾರಿಯ ಪಂಪು. ಆ ಪಂಪಿನೊಳಗಿನ ಭಾಗಗಳನ್ನು ಮಿಲಿಮೀಟರಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ನಯ ಮಾಡುತ್ತಾರೆಂದು ಮಾವನವರು ಹೇಳಿದಾಗ ನಮ್ಮತ್ತೆ, "ನನ್ನ ಒತ್ತುಶಾವಿಗೆಯ ಬಿಲ್ಲೆಗೂ ಒಂದಿಷ್ಟು ಹಾಗೆ ಮಾಡಿಸಿಕೊಡಿ" ಎನ್ನುತ್ತಿದ್ದರು.

ಲಾರಿ ಬಸ್ಸುಗಳಿಗೆ ಇಷ್ಟೆಲ್ಲ ಅಳತೆ ಇದ್ದ ಕಾಲದಲ್ಲಿ ಬಡಪಾಯಿ ಮೋಟಾರ್ ಸೈಕಲ್ಲಿಗೆ ಇದ್ದದ್ದು ಕಾರ್ಬ್ಯುರೇಟರ್ ಒಂದೇ. ಗಾಳಿ ಇಕ್ಕಟ್ಟಾದ ದಾರಿಯಲ್ಲಿ ನುಗ್ಗುವಾಗ ಸಣ್ಣ ತೂತಿನಿಂದ ಪೆಟ್ರೋಲನ್ನು ಹೀರಿಕೊಂಡು ಹೋಗುತ್ತದೆ. ಹೆಚ್ಚುಕಡಿಮೆ ಮಾಡಲು ಒಂದೆರಡು ಸ್ಕ್ರೂ, ಅಷ್ಟೆ. ನಮ್ಮ ಮೈದುನ ಪಾಳ್ಯದ ಓಣಿಯೊಂದರಲ್ಲಿ ಗ್ಯಾರೇಜು ಹಾಕಿದಾಗ ಅವನ ಬಂಡವಾಳ ಒಂದು ಸ್ಕ್ರೂ ಡ್ರೈವರು ಮತ್ತು ಎರಡು ಕಿವಿ. ಬರುತ್ತಿದ್ದ ಗಾಡಿಗಳಲ್ಲಿ ಜಾವಾ, ಯೆಜ್ಡಿಗಳೇ ಹೆಚ್ಚು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಆ ಗಾಡಿಗಳೆಂದರೆ ಅವನಿಗೆ ತವರಿನ ನೆಂಟರು ಬಂದಷ್ಟು ಸಡಗರ. ಎಂಜಿನ್ ಬಿಸಿಯಾಗುವವರೆಗೆ ಕಾದು, ಗಾಳಿಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ತಲೆ ಓರೆ ಮಾಡಿ ಕೇಳುತ್ತಿದ್ದ. ಆಮೇಲೆ ಪ್ಲಗ್ಗು ಬಿಚ್ಚಿ ಬಣ್ಣ ನೋಡುತ್ತಿದ್ದ. ಕಪ್ಪು ಮಸಿಯಾದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡರೆ ಗಾಳಿ ಹೆಚ್ಚು, ಹಾಲು ಬೆರೆಸಿದ ಕಾಫಿಯ ಬಣ್ಣವಾದರೆ ಹದ.

ಆದರೆ ಈ ಹದ ಊರು ಬಿಟ್ಟರೆ ಕೆಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ತೆಳು. ಕರಾವಳಿಯಲ್ಲಿ ಸರಿಮಾಡಿಸಿದ ಗಾಡಿ ಘಾಟಿ ಹತ್ತಿದರೆ ಪೆಟ್ರೋಲು ಹೆಚ್ಚಾಗಿ ಕೆಮ್ಮಲು ಶುರುಮಾಡುತ್ತದೆ. ಡಿಸೆಂಬರಿನ ಚಳಿಯಲ್ಲಿ ಚೋಕ್ ಎಳೆಯಬೇಕು, ಬಿಸಿಯಾದ ಮೇಲೆ ಮರೆಯದೆ ತಳ್ಳಬೇಕು. ಸ್ಕ್ರೂವಿಗೆ ಹವೆಯ ಅರಿವಿಲ್ಲ ನೋಡಿ.

1984ರಲ್ಲಿ ಬಂದ ಕೈನೆಟಿಕ್ ಹೊಂಡಾ, ತೊಂಬತ್ತರ ದಶಕದ ಸ್ಕೂಟಿ, ಇವು ನಮ್ಮಂಥವರನ್ನು ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ತಂದುವು. ಕಿಕ್ ಒದೆಯುವ ಪ್ರಮೇಯವಿಲ್ಲ, ಗುಂಡಿ ಒತ್ತಿದರೆ ಸಾಕು. ಗ್ಯಾರೇಜಿನಲ್ಲಿ ನಮ್ಮ ಓರಗಿತ್ತಿ ಲೆಕ್ಕದ ಪುಸ್ತಕ ಹಿಡಿದು ಕೂರುತ್ತಿದ್ದುದರಿಂದ ಹೆಂಗಸರು ಸಂಕೋಚವಿಲ್ಲದೆ ಬಂದು ತಮ್ಮ ಗಾಡಿಯ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು.

ಅದೇ ವರ್ಷಗಳಲ್ಲಿ ನನ್ನ ಮಗಳಿಗೆ ಉಬ್ಬಸ ಹತ್ತಿತು. ಡೈರಿ ಸರ್ಕಲ್ಲಿನಲ್ಲಿ ಸಂಜೆ ಐದು ನಿಮಿಷ ನಿಂತರೆ ಸೆರಗಿನಿಂದ ಮೂಗು ಮುಚ್ಚಿದ್ದರೂ ಗಂಟಲು ಉರಿಯುತ್ತಿತ್ತು. ಎರಡು ಸ್ಟ್ರೋಕಿನ ಗಾಡಿಗಳು ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುತ್ತವೆ. ಸಾಲದ್ದಕ್ಕೆ ಪೆಟ್ರೋಲಿನ ಒಂದು ಪಾಲನ್ನು ಸುಡದೆಯೇ ಹೊರಗೆ ಉಗುಳುತ್ತವೆ. ಆಗಿನ್ನೂ ಪೆಟ್ರೋಲಿನಲ್ಲಿ ಸೀಸವಿತ್ತು. ದೇಶದಾದ್ಯಂತ ಅದು ನಿಂತದ್ದು 2000ದ ಫೆಬ್ರವರಿಯಲ್ಲಿ. ಹೊಗೆಯಿಂದ ದೂರವಿಡಿ ಎಂದರು ಡಾಕ್ಟರು. ಎಲ್ಲಿಗೆ ಎಂದು ದೂರವಿಡುವುದು? ಮನೆಯ ಎದುರಿಗೇ ಗ್ಯಾರೇಜು. "ಅಣ್ಣಾ, ಪಿಕಪ್ ಸಾಲದು" ಎಂದು ಹುಡುಗರು ಕೇಳಿದರೆ ಮೈದುನ ಪೆಟ್ರೋಲು ತುಸು ಹೆಚ್ಚಿಸಿಕೊಡಲೇಬೇಕು. ಇಲ್ಲದಿದ್ದರೆ ಅವರು ಮುಂದಿನ ಓಣಿಯ ಗ್ಯಾರೇಜಿಗೆ ಹೋಗುತ್ತಾರೆ. ಒಂದು ರಾತ್ರಿ ನಾನು ಮಗುವಿಗೆ ಬೆನ್ನು ನೀವುತ್ತ ಕೂತಿದ್ದಾಗ ಬಾಗಿಲಲ್ಲಿ ನಿಂತು, "ಅತ್ತಿಗೆ, ನನ್ನ ಅನ್ನವೂ ಇದೇ ಹೊಗೆಯಲ್ಲಿದೆಯಲ್ಲ" ಎಂದ. ನಾನು ಏನು ಹೇಳಲಿ? ನಮ್ಮ ಮನೆಯ ಸಾಲ ತೀರಿದ್ದೂ ಆ ಅನ್ನದಿಂದಲೇ.

ಇದಕ್ಕೆ ಪರಿಹಾರ ಬಹಳ ಹಿಂದೆಯೇ, 1976ರಲ್ಲೇ ಹೊರದೇಶದಲ್ಲಿ ಸಿದ್ಧವಾಗಿತ್ತೆಂದು ನಮಗೆ ಗೊತ್ತಾದದ್ದು ಆಮೇಲೆ. ಮಾವನವರ ಕಂಪನಿಯ ಮೂಲಮನೆಯಾದ ಬಾಷ್ ತಯಾರಿಸಿದ ಲ್ಯಾಂಬ್ಡಾ ಸೆನ್ಸರನ್ನು ಆ ವರ್ಷ ಸ್ವೀಡನ್ನಿನ ವೋಲ್ವೋ ಕಾರಿಗೆ ಜೋಡಿಸಿದರು. ಹೊಗೆಕೊಳವೆಯಲ್ಲಿ ಕೂರಿಸುವ ಪಿಂಗಾಣಿಯ ಮೂಗು ಅದು. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದೆಯೇ ಎಂದು ಮೂಸುತ್ತದೆ. ಮಿಕ್ಕಿದ್ದರೆ 0.1 ವೋಲ್ಟ್ ಆಸುಪಾಸು, ಮಿಗದಿದ್ದರೆ 0.9 ವೋಲ್ಟ್ ಆಸುಪಾಸು ಸಂದೇಶ ಕಳಿಸುತ್ತದೆ. ಅದನ್ನು ನೋಡಿ ಪುಟ್ಟ ಕಂಪ್ಯೂಟರ್ ಇಂಜೆಕ್ಟರಿನ ಬಾಯನ್ನು ಸೆಕೆಂಡಿನ ಸಾವಿರದ ಕೆಲವು ಪಾಲುಗಳಷ್ಟು ಹೊತ್ತು ತೆರೆಯುತ್ತದೆ. ಕಡಿಮೆಯಾದರೆ ಹೆಚ್ಚಿಸು, ಹೆಚ್ಚಾದರೆ ಇಳಿಸು, ಹೀಗೆ ಸವಾರಿ ಮುಗಿಯುವವರೆಗೂ ನಡೆಯುತ್ತದೆ. ಉಪ್ಪು ನೋಡುತ್ತ ನೋಡುತ್ತ ಸಾರು ಮಾಡಿದ ಹಾಗೆ. ಮೂಗು ಕಾಯುವವರೆಗೆ ಮಾತ್ರ ಮೊದಲೇ ಬರೆದಿಟ್ಟ ಲೆಕ್ಕದ ಮೇಲೆ ನಡೆಯುತ್ತದೆ. ಘಾಟಿ ಹತ್ತಿದರೂ, ಪೆಟ್ರೋಲಿಗೆ ಎಥೆನಾಲ್ ಬೆರೆಸಿದರೂ ತಕ್ಕಮಟ್ಟಿಗೆ ತಾನೇ ಸರಿಮಾಡಿಕೊಳ್ಳುತ್ತದೆ.

ನಮ್ಮ ದೇಶದ ಬೈಕಿಗೆ ಇಂಜೆಕ್ಷನ್ ಬಂದದ್ದು 2006ರಲ್ಲಿ, ಹೀರೋ ಹೊಂಡಾ ಗ್ಲಾಮರ್ ಮೂಲಕ. ಆಗ ಅದು ಶ್ರೀಮಂತರ ಶೋಕಿ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಾಗ ಸಾಮಾನ್ಯ ಸ್ಕೂಟರುಗಳಿಗೂ ಅದೇ ಗತಿಯಾಯಿತು. ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತ್ತು. 2018ರಲ್ಲಿ ಬೇರೆ ಕಂಪನಿಯಿಂದ ಮರಳಿ ಬಂದ ಜಾವಾದಲ್ಲೂ ಕಾರ್ಬ್ಯುರೇಟರ್ ಇರಲಿಲ್ಲ. ಮೈಕೋ ಹೆಸರೂ 2008ರಲ್ಲಿ ಬಾಷ್ ಆಯಿತು. ಆಡುಗೋಡಿಯ ಅದೇ ಜಾಗವನ್ನು 2022ರಲ್ಲಿ ತಂತ್ರಜ್ಞಾನದ ಕ್ಯಾಂಪಸ್ ಎಂದು ಉದ್ಘಾಟಿಸಿದರು.

ಮೈದುನನ ಸ್ಕ್ರೂ ಡ್ರೈವರಿಗೆ ತಿರುಗಿಸಲು ಸ್ಕ್ರೂವೇ ಇಲ್ಲದಾಯಿತು. ಮೀಟರಿನ ಪಕ್ಕ ಹಳದಿ ದೀಪ ಹತ್ತಿದರೆ ಕಾರಣ ಹೇಳುವುದು ಸ್ಕ್ಯಾನರ್. ಅವನು ಅಂಗಡಿ ಮಾರುವ ಮಾತಾಡಿದ. ತಡೆದವಳು ಅವನ ಮಗಳು. ಡಿಪ್ಲೊಮಾ ಓದಿದವಳು, ತಾಯಿಯ ಚೀಟಿ ಹಣದಲ್ಲಿ ಸ್ಕ್ಯಾನರ್ ಕೊಂಡು ತಂದಳು.

ಕಳೆದ ವರ್ಷ ಒಂದು ಸ್ಕೂಟರು ಬಂತು. ಗಾಳಿ ಹೆಚ್ಚಾಗಿದೆ ಎಂದಿತು ಸ್ಕ್ಯಾನರ್. ಆದರೆ ಪ್ಲಗ್ಗು ನೋಡಿದರೆ ಮಸಿ! ಸೆನ್ಸರ್ ಬದಲಿಸಬೇಕೆಂದು ಹುಡುಗಿ ಹೊರಟಳು. ಮೈದುನ ತಲೆ ಓರೆ ಮಾಡಿ ಕೇಳಿ, "ಸೈಲೆನ್ಸರಿನ ಬುಡದಲ್ಲಿ ಫುಸ್ಸೆನ್ನುತ್ತಿದೆ, ಕೇಳು" ಎಂದ. ಗ್ಯಾಸ್ಕೆಟ್ ಬಿರುಕು ಬಿಟ್ಟಿತ್ತು. ಆ ಸಂದಿಯಿಂದ ಹೊರಗಿನ ಗಾಳಿ ನುಸುಳಿ, ಮೂಗಿಗೆ ಸುಳ್ಳು ವಾಸನೆ ತೋರಿಸುತ್ತಿತ್ತು. ಯಂತ್ರ ಅದನ್ನು ನಂಬಿ ಪೆಟ್ರೋಲು ಸುರಿಯುತ್ತಿತ್ತು. ತಪ್ಪನ್ನು ತಾನೇ ತಿದ್ದಿಕೊಳ್ಳುವ ಯಂತ್ರ ನಿಜ, ಆದರೆ ತನಗೆ ಬಂದ ಸುದ್ದಿಯೇ ಸುಳ್ಳಾದರೆ ಅದಕ್ಕೆ ಗುರುತು ಹತ್ತುವುದಿಲ್ಲ.

ಆ ಸ್ಕ್ರೂ ಹೋಯಿತೆಂದು ನಾನು ಮರುಗುವುದಿಲ್ಲ. ಉಬ್ಬಸದ ಮಗುವನ್ನು ಎತ್ತಿಕೊಂಡು ರಾತ್ರಿ ಕಳೆದ ಯಾವ ತಾಯಿಯೂ ಮರುಗಲಾರಳು. ಆದರೆ ಹೊಸದು ಬಂದಾಗ ಹಳಬರನ್ನು ಕಸದ ಜೊತೆ ಗುಡಿಸಿಹಾಕುವ ಆತುರ ಇದೆಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ನಮ್ಮ ಓರಗಿತ್ತಿಗೂ ಇಲ್ಲ. ಈಗ ಅವಳ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಗಾಡಿಗೂ ಎರಡು ಸಾಲುಗಳಿರುತ್ತವೆ. ಮೊದಲನೆಯದು, ಸ್ಕ್ಯಾನರ್ ಹಾಕಿದ್ದಕ್ಕೆ. ಎರಡನೆಯದು, ಶಬ್ದ ಕೇಳಿದ್ದಕ್ಕೆ.